ಒಂದು ಡಾಲರು, ಐದು ಲಕ್ಷ ರೂಪಾಯಿ

"ಐದು ಲಕ್ಸ ಕಣವ್ವಾ... ಐದು ಲಕ್ಸ! ಬ್ಯಾಡ ಅಂದ್ಬುಟ್ಲಂತಲ್ಲ ಆ ಹುಡುಗಿ. ಏನ್ ಕಾಲ ಬಂತು ನೋಡು!"

2025ರ ಜನವರಿ ಕೊನೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ದೊಡ್ಡಪ್ಪ ಪೇಪರ್ ಮಡಚಿಡುತ್ತಾ ಹೇಳಿದ ಮಾತಿದು. ನಮ್ಮೂರು ನಂಜನಗೂಡು. ದೊಡ್ಡಪ್ಪ ಹೇಳಿದ 'ಆ ಹುಡುಗಿ' ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ನಮ್ಮೂರಿನ ಕಪಿಲೆ ಹರಿದು ಹೋಗಿ ಕಾವೇರಿಗೆ ಸೇರುವುದು ನರಸೀಪುರದಲ್ಲೇ. ಹಾಗಾಗಿ ಆ ಕಡೆಯವರು ಏನಾದರೂ ಗೆದ್ದರೆ ನಾವೇ ಗೆದ್ದಷ್ಟು ಬೀಗುವುದು ನಮಗೆ ಅಭ್ಯಾಸ. (ನಮ್ಮ ಕಡೆಯ ಹುಡುಗಿ ಅನ್ನೋ ಸಲಿಗೆಯಲ್ಲಿ ಈ ಬರಹದುದ್ದಕ್ಕೂ ಏಕವಚನ ಬಳಸಿದ್ದೇನೆ, ಯಾರೂ ಬೇಸರ ಮಾಡ್ಕೋಬೇಡಿ.)

ವಿಷಯ ನಿಮಗೆ ನೆನಪಿರಬಹುದು. ಆ ತಿಂಗಳು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಗಂಡಸರು, ಹೆಂಗಸರು ಎರಡೂ ತಂಡದವರು ಕಪ್ ಗೆದ್ದರು. ಗೆದ್ದವರಲ್ಲಿ ಕರ್ನಾಟಕದವರು ಇಬ್ಬರು: ಗಂಡಸರ ತಂಡದಲ್ಲಿ ಎಂ.ಕೆ. ಗೌತಮ್, ಹೆಂಗಸರ ತಂಡದಲ್ಲಿ ಚೈತ್ರಾ. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಇಬ್ಬರನ್ನೂ ಸನ್ಮಾನಿಸಿ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಇಬ್ಬರೂ ಬೇಡ ಅಂದರು. ಕಾರಣ? ಅದೇ ಕಪ್ ಗೆದ್ದ ತನ್ನ ಆಟಗಾರರಿಗೆ ಮಹಾರಾಷ್ಟ್ರ ಸರ್ಕಾರ ತಲಾ 2.25 ಕೋಟಿ ರೂಪಾಯಿ, ಜೊತೆಗೆ ಸರ್ಕಾರಿ ನೌಕರಿ ಘೋಷಿಸಿತ್ತು.

ದೊಡ್ಡಪ್ಪನ ಮಾತು ಕೇಳಿದಾಗ ನನಗೆ ಥಟ್ಟನೆ ನೆನಪಾಗಿದ್ದು ಮಾತ್ರ ಖೋ ಖೋ ಅಲ್ಲ, ಟೆನಿಸ್! ಅದೂ ಐವತ್ತೈದು ವರ್ಷ ಹಿಂದಿನ ಅಮೆರಿಕದ ಟೆನಿಸ್. ದುಡ್ಡು ಕಡಿಮೆಯಾಯಿತು ಅಂತ ಒಬ್ಬ ಚಾಂಪಿಯನ್ ಹೆಣ್ಣುಮಗಳು ದೊಡ್ಡ ಟೂರ್ನಿಯನ್ನೇ ಬಿಟ್ಟು, ಒಂದೇ ಒಂದು ಡಾಲರಿಗೆ ಸಹಿ ಹಾಕಿದ ಕಥೆ ಅದು. ಕುರುಬೂರಿಗೆ ಬರುವ ಮೊದಲು ಆ ಕಥೆ ಹೇಳ್ತೀನಿ, ಸ್ವಲ್ಪ ತಾಳ್ಮೆ ಇರಲಿ.

ಬಿಲ್ಲಿ ಜೀನ್ ಮಾಫಿಟ್ ಹುಟ್ಟಿದ್ದು 1943ರ ನವೆಂಬರ್ 22ರಂದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಅಪ್ಪ ಅಗ್ನಿಶಾಮಕ ದಳದಲ್ಲಿದ್ದವರು. ಟೆನಿಸ್ ಆಗ ಅಲ್ಲೂ ದುಡ್ಡಿದ್ದವರ, ಕ್ಲಬ್ಬಿನವರ ಆಟ. ಹುಡುಗಿ ನೆರೆಹೊರೆಯವರ ಸಣ್ಣಪುಟ್ಟ ಕೆಲಸ ಮಾಡಿಕೊಟ್ಟು, ಎಂಟು ಡಾಲರ್ ಚಿಲ್ಲರೆ ಕೂಡಿಟ್ಟು ಮೊದಲ ರ‍್ಯಾಕೆಟ್ ಕೊಂಡಳು. ಊರಿನ ಸಾರ್ವಜನಿಕ ಅಂಕಣಗಳಲ್ಲಿ ಪುಕ್ಕಟೆಯಾಗಿ ಕಲಿತಳು. ಲಾಸ್ ಏಂಜಲೀಸಿನ ದೊಡ್ಡ ಕ್ಲಬ್ಬಿನಲ್ಲಿ ಮಕ್ಕಳ ಟೂರ್ನಿ ಆಡಲು ಹೋದಾಗ ಗ್ರೂಪ್ ಫೋಟೋದಿಂದ ಇವಳನ್ನು ಆಚೆ ನಿಲ್ಲಿಸಿದರು. ಟೆನಿಸ್ ಸ್ಕರ್ಟ್ ಬದಲು ಅಮ್ಮ ಮನೆಯಲ್ಲೇ ಹೊಲಿದುಕೊಟ್ಟ ಚಡ್ಡಿ ಹಾಕಿಕೊಂಡಿದ್ದಳು ಅನ್ನುವುದೇ ಕಾರಣ!

17ನೇ ವಯಸ್ಸಿಗೆ, 1961ರಲ್ಲಿ, ಕ್ಯಾರೆನ್ ಹಾಂಟ್ಜ್ ಜೊತೆ ಸೇರಿ ವಿಂಬಲ್ಡನ್ ಡಬಲ್ಸ್ ಗೆದ್ದಳು. 1966ರಲ್ಲಿ ಮೊದಲ ಸಿಂಗಲ್ಸ್. ಅಷ್ಟು ಹೊತ್ತಿಗೆ ಮದುವೆಯಾಗಿ ಬಿಲ್ಲಿ ಜೀನ್ ಕಿಂಗ್ ಆಗಿದ್ದಳು. ಆಮೇಲೆ 1967, 68, 72, 73, 75 ಅಂತ ವಿಂಬಲ್ಡನ್ ಸಿಂಗಲ್ಸ್ ಒಟ್ಟು ಆರು ಸಲ. ಸಿಂಗಲ್ಸ್, ಡಬಲ್ಸ್, ಮಿಶ್ರ ಡಬಲ್ಸ್ ಎಲ್ಲಾ ಸೇರಿಸಿದರೆ 39 ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ. ಅದರಲ್ಲಿ 20 ವಿಂಬಲ್ಡನ್ ಒಂದರಲ್ಲೇ.

ಆದರೆ ನಾನು ಹೇಳಹೊರಟಿದ್ದು ಕಪ್ಪುಗಳ ಲೆಕ್ಕ ಅಲ್ಲ, ದುಡ್ಡಿನ ಲೆಕ್ಕ.

1968ರವರೆಗೆ ದೊಡ್ಡ ಟೂರ್ನಿಗಳಲ್ಲಿ ಆಡುತ್ತಿದ್ದವರು ಹೆಸರಿಗೆ ಹವ್ಯಾಸಿಗಳು. ಬಹುಮಾನದ ದುಡ್ಡು ಇರಲಿಲ್ಲ, ಗುಟ್ಟಾಗಿ ಕೈಗೆ ಬಂದಷ್ಟು ಬಂತು. 1968ರಲ್ಲಿ ವಿಂಬಲ್ಡನ್ ವೃತ್ತಿಪರರಿಗೂ ಬಾಗಿಲು ತೆರೆದು ಬಹುಮಾನ ಇಟ್ಟಿತು. ಗಂಡಸರಲ್ಲಿ ಗೆದ್ದ ರಾಡ್ ಲೇವರ್‌ಗೆ 2000 ಪೌಂಡ್. ಹೆಂಗಸರಲ್ಲಿ ಗೆದ್ದ ಬಿಲ್ಲಿ ಜೀನ್‌ಗೆ 750. ಅಲ್ಲಿಗೆ ಮುಗಿಯಲಿಲ್ಲ. 1970ರ ಇಟಾಲಿಯನ್ ಓಪನ್ ಗೆದ್ದಾಗ ಅವಳಿಗೆ ಸಿಕ್ಕಿದ್ದು 600 ಡಾಲರ್, ಗಂಡಸರಲ್ಲಿ ಗೆದ್ದ ಇಲಿ ನಸ್ಟಾಸೆಗೆ 3500. ದುಡ್ಡು ಬರುವ ಮೊದಲು ಎಲ್ಲರಿಗೂ ಸೊನ್ನೆ. ದುಡ್ಡು ಬಂದ ಕೂಡಲೇ ಅಂತರ ಶುರು!

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ಜ್ಯಾಕ್ ಕ್ರೇಮರ್ ಅನ್ನುವ ಮಾಜಿ ಚಾಂಪಿಯನ್ ನಡೆಸುತ್ತಿದ್ದ ಟೂರ್ನಿ ಇತ್ತು. ಗಂಡಸರಿಗೆ ಮೊದಲ ಬಹುಮಾನ 12,500 ಡಾಲರ್, ಹೆಂಗಸರಿಗೆ 1500. ಆಟಗಾರ್ತಿಯರು ಹೋಗಿ ಕೇಳಿದರು. ಆತ ಬಗ್ಗಲಿಲ್ಲ. ಆಗ ಬಿಲ್ಲಿ ಜೀನ್, ರೋಸಿ ಕ್ಯಾಸಲ್ಸ್ ಮುಂತಾದ ಒಂಬತ್ತು ಜನ (ಏಳು ಅಮೆರಿಕನ್ನರು, ಇಬ್ಬರು ಆಸ್ಟ್ರೇಲಿಯನ್ನರು) ಹ್ಯೂಸ್ಟನ್‌ನಲ್ಲಿ ಬೇರೆಯೇ ಟೂರ್ನಿ ಆಡಲು ಹೊರಟರು. ಅದನ್ನು ಏರ್ಪಡಿಸಿದ್ದು 'ವರ್ಲ್ಡ್ ಟೆನಿಸ್' ಪತ್ರಿಕೆಯ ಗ್ಲ್ಯಾಡಿಸ್ ಹೆಲ್ಡ್‌ಮನ್. ಹೋದರೆ ಅಮಾನತು ಮಾಡುತ್ತೇವೆ ಅಂತ ಅಮೆರಿಕದ ಟೆನಿಸ್ ಸಂಸ್ಥೆ ಹೆದರಿಸಿತು. ಅಮಾನತಾದರೆ ದೊಡ್ಡ ಟೂರ್ನಿಗಳೇ ಕೈತಪ್ಪುವ ಭಯ. ಆದರೂ 1970ರ ಸೆಪ್ಟೆಂಬರ್ 23ರಂದು ಒಂಬತ್ತು ಜನರೂ ಹೆಲ್ಡ್‌ಮನ್ ಜೊತೆ ತಲಾ ಒಂದು ಡಾಲರಿನ ಕರಾರಿಗೆ ಸಹಿ ಹಾಕಿದರು. ಆ ಒಂದೊಂದು ಡಾಲರ್ ನೋಟು ಎತ್ತಿ ಹಿಡಿದು ನಗುತ್ತಿರುವ ಫೋಟೋ ಅಂತರ್ಜಾಲದಲ್ಲಿ ಸಿಗುತ್ತದೆ, ಬಿಡುವಾದಾಗ ಹುಡುಕಿ ನೋಡಿ. ನನ್ನ ಮಟ್ಟಿಗೆ ಆಟದ ಇತಿಹಾಸದ ಒಳ್ಳೆಯ ಫೋಟೋಗಳಲ್ಲಿ ಅದೂ ಒಂದು. ಯಾರ ಕೈಯಲ್ಲೂ ರ‍್ಯಾಕೆಟ್ ಆಗಲಿ ಕಪ್ ಆಗಲಿ ಎದ್ದು ಕಾಣುವುದಿಲ್ಲ, ಕಾಣುವುದು ಒಂದು ಡಾಲರ್ ನೋಟು ಮಾತ್ರ.

ಆಗಲೂ ದೊಡ್ಡಪ್ಪನಂಥವರು ಇದ್ದರು. ಬರೀ ಗಂಡಸರಲ್ಲ, ಎಷ್ಟೋ ಆಟಗಾರ್ತಿಯರೇ ಮೊದಮೊದಲು ಇವರ ಜೊತೆ ಸೇರಲಿಲ್ಲ. ಆಟದ ಮೇಲೆ ಪ್ರೀತಿ ಇದ್ದವರು ದುಡ್ಡಿನ ಮಾತಾಡಬಾರದು ಅನ್ನುವ ಮಾತು ಆಗಲೂ ಇತ್ತು, ಈಗಲೂ ಇದೆ.

ಮುಂದೆ ಆಗಿದ್ದು ಬೇಗ ಬೇಗ ಆಯಿತು. ವರ್ಜೀನಿಯಾ ಸ್ಲಿಮ್ಸ್ ಅನ್ನುವ ಸಿಗರೇಟು ಕಂಪನಿಯವರು ದುಡ್ಡು ಹಾಕಿದರು. (ಹೌದು, ಸಿಗರೇಟು. ಹೆಂಗಸರಿಗೆ ಸಿಗರೇಟು ಮಾರುವವರ ದುಡ್ಡಿನಲ್ಲಿ ಹೆಂಗಸರ ಟೆನಿಸ್ ಬೆಳೆಯಿತು ಅನ್ನುವುದು ನನಗೂ ಕಸಿವಿಸಿಯ ವಿಷಯವೇ.) 1971ರಲ್ಲಿ ಬಿಲ್ಲಿ ಜೀನ್ ಒಂದೇ ವರ್ಷದಲ್ಲಿ ಒಂದು ಲಕ್ಷ ಡಾಲರ್ ಬಹುಮಾನ ಗಳಿಸಿದಳು, ಅಷ್ಟು ಗಳಿಸಿದ ಮೊದಲ ಆಟಗಾರ್ತಿ ಅವಳೇ. 1972ರ ಯುಎಸ್ ಓಪನ್ ಗೆದ್ದಾಗ ಅವಳಿಗೆ 10,000, ಗಂಡಸರಲ್ಲಿ ಗೆದ್ದ ಅದೇ ನಸ್ಟಾಸೆಗೆ 25,000. ಹೀಗೇ ಆದರೆ ಮುಂದಿನ ವರ್ಷ ಬರುವುದಿಲ್ಲ ಅಂದಳು. 1973ರಲ್ಲಿ ಯುಎಸ್ ಓಪನ್ ಇಬ್ಬರಿಗೂ ಸಮಾನ ಬಹುಮಾನ ಕೊಟ್ಟಿತು. ಅದೇ 1973ರ ಜೂನ್‌ನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಆಟಗಾರ್ತಿಯರನ್ನೆಲ್ಲ ಕೂಡಿಸಿ ಡಬ್ಲ್ಯುಟಿಎ ಕಟ್ಟಿದಳು. ಸೆಪ್ಟೆಂಬರ್ 20ರಂದು ಹ್ಯೂಸ್ಟನ್‌ನಲ್ಲಿ, 30,472 ಜನರ ಎದುರು, ಹೆಂಗಸರ ಟೆನಿಸನ್ನು ಆಡಿಕೊಂಡು ತಿರುಗುತ್ತಿದ್ದ 55 ವರ್ಷದ ಮಾಜಿ ಚಾಂಪಿಯನ್ ಬಾಬಿ ರಿಗ್ಸ್‌ನನ್ನು 6-4, 6-3, 6-3ರಲ್ಲಿ ಸೋಲಿಸಿದಳು. ಸಿನಿಮಾ ಬಂದಿರುವುದರಿಂದ ಈ ಪಂದ್ಯ ಎಲ್ಲರಿಗೂ ಗೊತ್ತು. ನನ್ನನ್ನು ಕೇಳಿದರೆ ಒಂದು ಡಾಲರಿನ ಸಹಿಯೇ ಇದಕ್ಕಿಂತ ದೊಡ್ಡ ಪಂದ್ಯ.

ಈ ದಾರಿ ಹೂವಿನದೇನೂ ಆಗಿರಲಿಲ್ಲ. 1981ರಲ್ಲಿ ಒಬ್ಬ ಹೆಂಗಸಿನ ಜೊತೆ ಅವಳಿಗಿದ್ದ ಸಂಬಂಧ ಕೋರ್ಟಿನ ದಾವೆಯೊಂದರಿಂದ ಬಯಲಾಯಿತು. ಅವಳು ಅಲ್ಲಗಳೆಯಲಿಲ್ಲ. ಜಾಹೀರಾತಿನ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಆಟ ಬಿಡುವ ವಯಸ್ಸಿನಲ್ಲಿ ದುಡಿಮೆಗಾಗಿ ಮತ್ತೆ ಅಂಕಣಕ್ಕೆ ಇಳಿದು, 39ನೇ ವಯಸ್ಸಿನಲ್ಲಿ, 1983ರಲ್ಲಿ, ವಿಂಬಲ್ಡನ್ ಸೆಮಿಫೈನಲ್‌ವರೆಗೆ ಬಂದಳು. 2006ರಲ್ಲಿ ಯುಎಸ್ ಓಪನ್ ನಡೆಯುವ ಇಡೀ ಕ್ರೀಡಾ ಕೇಂದ್ರಕ್ಕೇ ಅವಳ ಹೆಸರಿಟ್ಟರು. ವಿಂಬಲ್ಡನ್ ಸಮಾನ ಬಹುಮಾನಕ್ಕೆ ಒಪ್ಪಿದ್ದು 2007ರಲ್ಲಿ. ಅಂದರೆ ಯುಎಸ್ ಓಪನ್ ಒಪ್ಪಿದ 34 ವರ್ಷಕ್ಕೆ! ಆ ವರ್ಷ ಸಮಾನ ದುಡ್ಡು ಪಡೆದ ಮೊದಲ ಚಾಂಪಿಯನ್ ವೀನಸ್ ವಿಲಿಯಮ್ಸ್. ಮರುವರ್ಷ ಮಾರ್ಚ್‌ನಲ್ಲಿ ಅದೇ ವೀನಸ್ ಬೆಂಗಳೂರಿಗೆ ಬಂದು, ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಸೆಮಿಫೈನಲ್ ಆಡಿ ತಂಗಿ ಸೆರೆನಾ ಎದುರು ಸೋತಳು. ಸೆರೆನಾ ಕಪ್ಪನ್ನೂ ಗೆದ್ದಳು. ಅದು ಡಬ್ಲ್ಯುಟಿಎ ಟೂರ್ನಿ. ಲಂಡನ್ನಿನ ಹೋಟೆಲಿನಲ್ಲಿ ಹುಟ್ಟಿದ್ದು ಹೀಗೆ ಮೈಸೂರು ರೋಡಿನ ಆ ತುದಿಯವರೆಗೂ ಬಂದಿತ್ತು.

ಈಗ ಈ ತುದಿಗೆ ಬರೋಣ.

ನಮ್ಮ ಕಡೆಯ ಹಳ್ಳಿ ಶಾಲೆಗಳಲ್ಲಿ ಟೆನಿಸ್ ಅಂದರೆ ಟೀವಿಯಲ್ಲಿ ನೋಡುವ ಆಟ. ಹೆಣ್ಣುಮಕ್ಕಳಿಗೆ ಇದ್ದಿದ್ದು ಖೋ ಖೋ. ಕಾರಣ ಸರಳ. ಏನೂ ಬೇಡ! ಎರಡು ಕಂಬ, ಸುಣ್ಣದ ಗೆರೆ, ಪೀಟಿ ಮೇಷ್ಟ್ರ ಸೀಟಿ. ಶೂ ಕೂಡ ಬೇಡ, ಬರಿಗಾಲೇ ಸೈ. ಅಗ್ಗದ ಆಟ ಅಂತ ಸುಲಭದ್ದು ಅಂದುಕೊಳ್ಳಬೇಡಿ. ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕು ಬದಲಿಸುವಂತಿಲ್ಲ, ಕೂತವರ ನಡುವೆ ನುಗ್ಗುವಂತಿಲ್ಲ. ಓಡುವವಳು ಎತ್ತ ಬೇಕಾದರೂ ನುಗ್ಗಬಹುದು. ಆದರೆ ಕೂತವರಲ್ಲಿ ಯಾರ ಬೆನ್ನಿಗೆ ಯಾವಾಗ 'ಖೋ' ಬೀಳುತ್ತದೋ ಗೊತ್ತಾಗುವುದಿಲ್ಲ. ಕಣ್ಣು, ಕಾಲು, ಉಸಿರು ಮೂರೂ ಒಟ್ಟಿಗೆ ಕೆಲಸ ಮಾಡಬೇಕು. ನಾನೂ ಹೈಸ್ಕೂಲಿನಲ್ಲಿ ಆಡಿದವಳೇ, ಒಂದು ನಿಮಿಷ ಔಟಾಗದೆ ಉಳಿದರೆ ಅವತ್ತು ನನಗೆ ಹಬ್ಬ.

ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಈ ಆಟಕ್ಕೆ ನಿಯಮ ಬರೆಯಲು ಕೂತಿದ್ದು 1914ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ದೊಡ್ಡ ದುಡ್ಡು ಈ ಕಡೆ ತಿರುಗಿ ನೋಡಲು ನೂರು ವರ್ಷ ಮೇಲೆ ಬೇಕಾಯಿತು. 2022ರ ಆಗಸ್ಟ್‌ನಲ್ಲಿ ಪುಣೆಯಲ್ಲೇ ಅಲ್ಟಿಮೇಟ್ ಖೋ ಖೋ ಲೀಗ್ ಶುರುವಾಯಿತು. ಆರು ಫ್ರಾಂಚೈಸಿ, ಟೀವಿ, ಬಣ್ಣದ ಜೆರ್ಸಿ, ಎಲ್ಲಾ ಇತ್ತು. ಆದರೆ ಆ ಮೊದಲ ಸೀಸನ್ನೂ, ಒಡಿಶಾದ ಕಟಕ್‌ನಲ್ಲಿ ನಡೆದ ಎರಡನೇ ಸೀಸನ್ನೂ ಗಂಡಸರಿಗೆ ಮಾತ್ರ! 1968ರ ವಿಂಬಲ್ಡನ್ ನೆನಪಾಗುತ್ತಿದೆಯಾ? ಅಲ್ಲಿ ಅವಳಿಗೆ 750 ಪೌಂಡಾದರೂ ಸಿಕ್ಕಿತ್ತು. ಇಲ್ಲಿ ಹೆಣ್ಣುಮಕ್ಕಳಿಗೆ ಅಂಕಣವೇ ಇರಲಿಲ್ಲ.

ಇಂಥ ಆಟದಲ್ಲಿ ಬೆಳೆದು ಬಂದವಳು ಕುರುಬೂರಿನ ಕೃಷಿಕ ಕುಟುಂಬದ ಚೈತ್ರಾ. 2025ರ ಜನವರಿ 13ರಿಂದ 19ರವರೆಗೆ ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ವಿಶ್ವಕಪ್. ಹೆಂಗಸರಲ್ಲಿ 19 ತಂಡ. ಪ್ರಿಯಾಂಕಾ ಇಂಗಳೆ ನಾಯಕಿ. ದಕ್ಷಿಣ ಕೊರಿಯಾವನ್ನು 175-18ರಿಂದ ಬಗ್ಗುಬಡಿದು ಶುರುಮಾಡಿದವರು ಇರಾನ್, ಮಲೇಷ್ಯಾ, ಬಾಂಗ್ಲಾದೇಶವನ್ನು ದಾಟಿ, ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು 66-16ರಿಂದ ಸೋಲಿಸಿದರು. ಫೈನಲ್‌ನಲ್ಲಿ ಎದುರಿಗೆ ಬಂದಿದ್ದು ನೇಪಾಳ.

ಮೂರು ಸರದಿ ಮುಗಿದಾಗ ಭಾರತ 73, ನೇಪಾಳ 24. ಕೊನೆಯ ಏಳು ನಿಮಿಷ ನೇಪಾಳ ಅಟ್ಟಬೇಕು, ನಮ್ಮವರು ತಪ್ಪಿಸಿಕೊಳ್ಳಬೇಕು. ಈ ಹೊಸ ಮಾದರಿಯಲ್ಲಿ ಓಡುವವರ ಒಂದು ಗುಂಪು ಮೂರು ನಿಮಿಷ ಉಳಿದುಕೊಂಡರೆ ಅದಕ್ಕೆ 'ಡ್ರೀಮ್ ರನ್' ಅನ್ನುತ್ತಾರೆ, ಅಲ್ಲಿಂದಾಚೆ ಉಳಿದಷ್ಟೂ ಓಡುವವರಿಗೇ ಅಂಕ. ಚೈತ್ರಾಳ ಗುಂಪು ಉಳಿದುಕೊಂಡಿದ್ದು 5 ನಿಮಿಷ 14 ಸೆಕೆಂಡ್! ಒಂದು ನಿಮಿಷಕ್ಕೆ ಹಬ್ಬ ಮಾಡುತ್ತಿದ್ದ ನನಗೆ ಅದು ಎಷ್ಟು ಹೊತ್ತು ಅಂತ ಚೆನ್ನಾಗಿ ಗೊತ್ತು. ನಮ್ಮ ಸ್ಕೋರು 78ಕ್ಕೆ ಏರಿತು, ಪಂದ್ಯ 78-40ರಲ್ಲಿ ಮುಗಿಯಿತು. ಫೈನಲ್‌ನ ಶ್ರೇಷ್ಠ ಆಟಗಾರ್ತಿ ಚೈತ್ರಾ.

ಮುಂದಿನದು ನಿಮಗೆ ಗೊತ್ತೇ ಇದೆ. ಐದು ಲಕ್ಷ, ಮತ್ತು 'ಬೇಡ'.

ಎರಡು ಕಥೆಗಳೂ ಒಂದೇ ಅಂತ ನಾನು ಹೇಳುತ್ತಿಲ್ಲ. ಬಿಲ್ಲಿ ಜೀನ್ ಕೇಳಿದ್ದು ಟಿಕೆಟ್ ಕೊಂಡು ಬಂದ ಪ್ರೇಕ್ಷಕರ ದುಡ್ಡಿನಲ್ಲಿ ತನ್ನ ಪಾಲು. ಚೈತ್ರಾ, ಗೌತಮ್ ಕೇಳಿದ್ದು ತೆರಿಗೆ ದುಡ್ಡು, ಅಂದರೆ ನನ್ನ ನಿಮ್ಮ ದುಡ್ಡು. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಪ್ರಶ್ನೆ ಕೇಳುವುದು ತಪ್ಪಲ್ಲ. ಶಾಲೆಗೆ ಸೂರಿಲ್ಲದ ಕಡೆ ಒಬ್ಬರಿಗೆ ಕೋಟಿ ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರವೂ ಸುಲಭದ ಉತ್ತರ ಇಲ್ಲ. ಇನ್ನೊಂದು ವ್ಯತ್ಯಾಸ ಇನ್ನೂ ಸ್ವಾರಸ್ಯದ್ದು. ಅಮೆರಿಕದಲ್ಲಿ ಜಗಳ ಇದ್ದಿದ್ದು ಗಂಡಸರಿಗೆ ಹೆಚ್ಚು, ಹೆಂಗಸರಿಗೆ ಕಡಿಮೆ ಅಂತ. ಇಲ್ಲಿ ಹುಡುಗನಿಗೂ ಐದು, ಹುಡುಗಿಗೂ ಐದು. ಸಮಾನತೆ ಕೇಳದೆಯೇ ಬಂದುಬಿಟ್ಟಿತ್ತು! ಎತ್ತರದಲ್ಲಿ ಸಮ ಆಗುವ ಬದಲು ತಗ್ಗಿನಲ್ಲಿ ಸಮ ಆಗಿತ್ತು ಅಷ್ಟೆ. ವಿಂಬಲ್ಡನ್ನಿನವರಿಗೆ ಈ ಉಪಾಯ ಹೊಳೆದಿರಲಿಲ್ಲ ಪಾಪ.

ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಕೆಲಸ ಮಾಡಿದರು ಅನ್ನಿಸುತ್ತದೆ. ಕೈಗೆ ಬಂದಿದ್ದನ್ನು ಬಿಟ್ಟು, ಮೊತ್ತದ ಬಗ್ಗೆ ಎಲ್ಲರೆದುರು ಮಾತಾಡಿದರು. ಟೆನಿಸ್‌ಗೆ ಮಾರುಕಟ್ಟೆ ಇತ್ತು, ಒಬ್ಬ ಕ್ರೇಮರ್ ಇಲ್ಲ ಅಂದರೆ ಒಬ್ಬಳು ಹೆಲ್ಡ್‌ಮನ್ ಇದ್ದಳು. ಹೆಣ್ಣುಮಕ್ಕಳ ಖೋ ಖೋಗೆ ಟಿಕೆಟ್ಟೂ ಇಲ್ಲ, ಕಂಪನಿಯೂ ಇಲ್ಲ. ಅಂಥ ಕಡೆ ಸರ್ಕಾರ ಕೊಡುವ ಮೊತ್ತವೇ ಆ ಆಟದ ರೇಟು. ಆ ರೇಟು ಚೈತ್ರಾ ಒಬ್ಬಳಿಗೆ ಸಂಬಂಧಿಸಿದ್ದಲ್ಲ. ಅದನ್ನು ಪೇಪರಿನಲ್ಲಿ ಓದುವ ಅಪ್ಪ ಅಮ್ಮಂದಿರು ಮನೆಯಲ್ಲಿ ಕೂತು ಲೆಕ್ಕ ಹಾಕುತ್ತಾರೆ.

ಆ ಲೆಕ್ಕ ನನಗೆ ಗೊತ್ತು. ನಮ್ಮ ಹೈಸ್ಕೂಲ್ ತಂಡದಲ್ಲಿ ಒಬ್ಬಳಿದ್ದಳು. ಕಂಬ ಹಿಡಿದು ತಿರುಗಿದಳು ಅಂದರೆ ಅಟ್ಟುವವಳು ಎರಡು ಹೆಜ್ಜೆ ಮುಂದೆ ಹೋಗಿ ಬೀಳುತ್ತಿದ್ದಳು. ನಾನು ಅವಳ ಅರ್ಧಕ್ಕೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ವರ್ಷ ನಮ್ಮಿಬ್ಬರ ಮನೆಯಲ್ಲೂ ಒಂದೇ ಪ್ರಶ್ನೆ: "ಆಟದಿಂದ ಹೊಟ್ಟೆ ತುಂಬ್ತದಾ?" ನನ್ನನ್ನು ಟ್ಯೂಷನ್‌ಗೆ ಹಾಕಿದರು, ಇಂಜಿನಿಯರಿಂಗ್ ಆಯಿತು, ಈಗ ಬೆಂಗಳೂರಿನಲ್ಲಿ ಕೂತು ಕೋಡ್ ಬರೆಯುತ್ತಾ ಬೆನ್ನುನೋವು ಅಂತ ಗೋಳಾಡುತ್ತಿದ್ದೇನೆ. ನನ್ನ ಮಟ್ಟಿಗೆ ಅವರ ಲೆಕ್ಕ ಸರಿಯಾಗೇ ಇತ್ತು, ಸುಳ್ಳು ಹೇಳಬಾರದು. ಆದರೆ ಅವಳ ಮಟ್ಟಿಗೆ? ಅವಳಿಗೆ ಓದು ಹತ್ತಲಿಲ್ಲ, ಹತ್ತುತ್ತಿದ್ದ ಆಟವನ್ನು ಬಿಡಿಸಿದರು. ಆವತ್ತು ಯಾರಾದರೂ ಖೋ ಖೋ ಆಡಿದ ಹುಡುಗಿಗೆ ಸರ್ಕಾರಿ ನೌಕರಿ ಸಿಕ್ಕಿದ್ದನ್ನು ಅವಳ ಅಪ್ಪ ಪೇಪರಿನಲ್ಲಿ ಓದಿದ್ದರೆ... ಏನಾಗುತ್ತಿತ್ತೋ ಗೊತ್ತಿಲ್ಲ. ಇನ್ನೊಂದು ವರ್ಷ ಆಡಲಿ ಅಂತ ಬಿಡುತ್ತಿದ್ದರೇನೋ.

ಅಂದ ಹಾಗೆ ಕುರುಬೂರು ಅಂದರೆ ರಾಜ್ಯದವರಿಗೆಲ್ಲ ಮೊದಲಿಂದ ಗೊತ್ತಿರುವ ಹೆಸರು ಇನ್ನೊಂದಿದೆ: ಕಬ್ಬು ಬೆಳೆಗಾರರ ಸಂಘದ ಮುಖಂಡ ಕುರುಬೂರು ಶಾಂತಕುಮಾರ್. ಟನ್ ಕಬ್ಬಿಗೆ ನ್ಯಾಯವಾದ ಬೆಲೆ ಕೊಡಿ ಅಂತ ವರ್ಷಗಟ್ಟಲೆ ಬೀದಿಗಿಳಿದವರು. ಕೊಟ್ಟಷ್ಟು ತಗೊಂಡು ಕೈಮುಗಿಯದೆ ರೇಟು ಕೇಳುವುದು ಆ ಊರಿಗೆ ಹೊಸದೇನಲ್ಲ. ನಮ್ಮ ದೊಡ್ಡಪ್ಪನೂ ಕಬ್ಬು ಬೆಳೆದವರೇ. ಅದಕ್ಕೇ ಆವತ್ತು ಕೇಳಿಬಿಟ್ಟೆ:

"ಅಲ್ಲ ದೊಡ್ಡಪ್ಪಾ, ಕಬ್ಬಿಗೆ ರೇಟ್ ಸಾಲ್ದು ಅಂತ ನೀವೂ ರಸ್ತೇಲಿ ಕೂತಿರ್ಲಿಲ್ವಾ? ಕೊಟ್ಟಷ್ಟು ಈಸ್ಕೊಂಡು ಸುಮ್ನೆ ಬರ್ಬೋದಿತ್ತಲ್ಲ?"

"ಅದು ಬೇರೆ ಕಣವ್ವ. ಅದು ವರ್ಸವೆಲ್ಲ ಬೆವರು ಸುರ್ಸಿ ಬೆಳ್ದಿದ್ದು."

"ಅವ್ಳು ಎಷ್ಟು ವರ್ಷ ಬೆವರು ಸುರ್ಸಿರ್ಬೋದು?"

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಡಚಿಟ್ಟ ಪೇಪರ್ ಮತ್ತೆ ಬಿಚ್ಚಿದರು, ಆ ಸುದ್ದಿಯನ್ನು ಇನ್ನೊಂದು ಸಲ ಓದಿದರು. ದೊಡ್ಡಮ್ಮ ಕಾಫಿ ತಂದಿಟ್ಟರು. ಒಪ್ಪಿದರಾ? ಎಲ್ಲಿ ಒಪ್ಪುತ್ತಾರೆ!

"ಆದ್ರೂವೆ... ಐದು ಲಕ್ಸ ಕಣವ್ವಾ," ಅಂದರು. ಆಮೇಲೆ ಕಾಫಿ ಕುಡಿಯುತ್ತಾ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು, "ಒಂದ್ ಕೆಲ್ಸನಾದ್ರೂ ಕೊಡ್ಬೋದಿತ್ತು ಬುಡು."

ಅಷ್ಟು ಸಾಕು ಅನ್ನಿಸಿ ನಾನೂ ಮಾತು ನಿಲ್ಲಿಸಿದೆ. ನಿಮಗೇನನ್ನಿಸುತ್ತದೆ?